ಕಾಕಾನ ಎರಡನೇ ದೀಕ್ಷಾಸ್ನಾನ

ಭಾಳ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಮೊನ್ನೆ ಊರಿಗೆ (ಕಲಘಟಗಿ ಹತ್ತಿರ) ಹೋಗಿ ಬಂದ ಮೇಲೆ ಒಂದು ಹಳೇ ಜಗಳ ತಲೆ ತಿನ್ನುತ್ತಿದೆ, ಬರೆದೇ ಬಿಡೋಣ ಅಂತ ಕೂತೆ.

ನಮ್ಮದು ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು 1837ರಲ್ಲಿ ಧಾರವಾಡ ಮುಟ್ಟಿದರು. ನಿಘಂಟಿನ ಕಿಟೆಲ್ ಅವರ ಬಳಗವೇ. ಈಗ ನಮ್ಮ ಸಭೆ ಸಿ.ಎಸ್.ಐ.ನಲ್ಲಿದೆ.

ಹದಿನೈದು ವರ್ಷದ ಹಿಂದೆ ನಮ್ಮ ಕಾಕಾ ಹುಬ್ಬಳ್ಳಿಯ ಒಂದು ಹೊಸ ಸಭೆಗೆ ಸೇರಿದರು. ಕೂಸಿದ್ದಾಗ ನೀರು ಚಿಮುಕಿಸಿದ್ದು ಲೆಕ್ಕಕ್ಕಿಲ್ಲ ಅಂದರಂತೆ ಅಲ್ಲಿ. ಕಾಕಾ ನೀರಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ತೊಗೊಂಡು ಬಂದರು. ಆಯಿ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದ್ದು ಒಂದೇ ಮಾತು.

"ಹಂಗಾರ ನಾ ನಿನ್ನ ಎತ್ಕೊಂಡ ಹೋಗಿ ಮಾಡಿಸಿದ್ದು ಖೊಟ್ಟಿ ಏನೋ?"

"ಹಂಗಲ್ಲಬೇ ಯವ್ವಾ..." ಅಂದರು ಕಾಕಾ. ಮುಂದೆ ಮಾತು ಹೊರಡಲಿಲ್ಲ. ಅವತ್ತಿನಿಂದ ನಮ್ಮ ಸಭೆಯ ಕರ್ತನ ಭೋಜನಕ್ಕೆ ಅವರು ಬರಲಿಲ್ಲ.

ಆಯಿಯ ಪ್ರಶ್ನೆಯೇ ದೊಡ್ಡವರನ್ನೂ ಕಾಡಿತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ. 1919ರಲ್ಲಿ ತರಂಗಂಬಾಡಿಯಲ್ಲಿ ಅಜರಯ್ಯ ಮತ್ತಿತರರು ಕೂತು ನಾವೆಲ್ಲ ಒಂದಾಗೋಣ ಅಂದರು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥೊಡಿಸ್ಟರು, ಆಗಲೇ ಒಂದಾಗಿದ್ದ ದಕ್ಷಿಣ ಭಾರತ ಐಕ್ಯ ಸಭೆ... ಮದ್ರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಇಪ್ಪತ್ತೆಂಟು ವರ್ಷ! ಅಜರಯ್ಯ 1945ರಲ್ಲೇ ತೀರಿಕೊಂಡಿದ್ದರು. ಗಂಟು ಬಿದ್ದಿದ್ದು ಬಿಷಪ್ಪರ ವಿಷಯದಲ್ಲಿ. ಬಿಷಪ್ಪರು ತಲೆ ಮೇಲೆ ಕೈ ಇಡದೆ ಪಾಸ್ಟರ್ ಆದವರನ್ನು ಏನು ಮಾಡೋದು? ಕೊನೆಗೆ ಅವರನ್ನು ಇದ್ದ ಹಾಗೇ ಒಪ್ಪಿಕೊಂಡರು, ನಿನ್ನದು ಖೊಟ್ಟಿ, ಮತ್ತೊಮ್ಮೆ ತೊಗೋ ಅನ್ನಲಿಲ್ಲ. ಹಾಗಂತ ಎಲ್ಲರೂ ಬಂದಿಲ್ಲ. ಬೆಳಗಾವಿ, ಬೀದರ ಕಡೆಯ ಮೆಥೊಡಿಸ್ಟರು ಅಮೆರಿಕದ ಮೂಲದವರು, ಇವತ್ತಿಗೂ ಬೇರೆಯೇ.

1982ರಲ್ಲಿ ಲಿಮಾದಲ್ಲಿ ಹಲವು ಸಭೆಗಳ ಪಂಡಿತರು ಸೇರಿ, ಎರಡನೇ ಸಲ ದೀಕ್ಷಾಸ್ನಾನ ಕೊಡಬಾರದು ಅಂತ ಬರೆದರು. ಇದನ್ನು ಕಾಕಾಗೆ ಓದಿ ಹೇಳಿದರೆ ಜಗಳ ಇನ್ನೊಂದು ವರ್ಷ ನಡೆದೀತು :-)

ಆದರೆ ಒಂದು ಹೇಳಲೇಬೇಕು. ಆಯಿ ಹಾಸಿಗೆ ಹಿಡಿದಾಗ ವಾರ ತಪ್ಪದೆ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬಂದು ಕೂತವರು ಕಾಕಾನ ಸಭೆಯವರು. ನಮ್ಮವರು ಬಂದಿದ್ದು ಕಡಿಮೆ. ನಾನಂತೂ ಬೆಂಗಳೂರಲ್ಲಿದ್ದೆ, ಏನು ಮಾತಾಡಲಿ?

ಕೊನೇ ಸಲ ನಮ್ಮ ಪಾಸ್ಟರ್ ಮನೆಗೇ ಕರ್ತನ ಭೋಜನ ತಂದಾಗ ನಾನಿದ್ದೆ. ಆಯಿ ತನ್ನ ಪಾಲಿನ ತುಣುಕನ್ನು ಮುರಿದು ಅರ್ಧ ಕಾಕಾನ ಕೈಗಿಟ್ಟಳು. ಕಾಕಾ ಪಾಸ್ಟರ್ ಮುಖ ನೋಡಿದರು. ಪಾಸ್ಟರ್ ಕಿಟಕಿ ಕಡೆ ನೋಡಿದರು. ಕಾಕಾ ತಿಂದರು.

ಅದನ್ನು ಅವರು ತಮ್ಮ ಸಭೆಯಲ್ಲಿ ಹೇಳಿದರೋ ಇಲ್ಲವೋ, ನಾನು ಕೇಳಿಲ್ಲ. ಈ ಸಲವೂ ಭಾನುವಾರ ಕಾಕಾ ಹುಬ್ಬಳ್ಳಿ ಬಸ್ಸಿಗೆ ಹೋದರು, ನಾನು ನಮ್ಮ ಸಭೆಗೆ ಹೋದೆ. ವಾಪಸ್ ಬಂದಾಗ ಊಟಕ್ಕೆ ನನಗಾಗಿ ಕಾಯುತ್ತ ಕೂತಿದ್ದರು.