ಅಯ್ಯನವರ ಸೋಮವಾರ

ನನ್ನ ಅಪ್ಪ ಕರಾವಳಿಯ ಸಿ.ಎಸ್.ಐ. ಕ್ರೈಸ್ತ ಸಭೆಯೊಂದರ ಪಾಲಕರಾಗಿದ್ದರು, ಜನರ ಬಾಯಲ್ಲಿ ಅಯ್ಯನವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ಕಾಲದ ಸಭೆ ಅದು. ನಾನು ಹೇಳುತ್ತಿರುವುದು 1980ರ ಆಚೀಚೆಯ ಮಾತು. ನಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ಹಲಸಿನ ಮರದ ಉದ್ದ ಬೆಂಚು, ಮೂಲೆಯಲ್ಲಿ ಸೀಮೆಎಣ್ಣೆ ನಾರುವ ಲಾಟೀನು. ಗಂಡಹೆಂಡಿರ ಜಗಳ, ಮಗಳ ಮದುವೆಯ ಸಾಲ, ಹೆಂಚಿನ ಕಾರ್ಖಾನೆಯ ಕೆಲಸಕ್ಕೆ ಶಿಫಾರಸು, ಎಲ್ಲಕ್ಕೂ ಜನ ಆ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು.

ಸುಗ್ಗಿ ಹಬ್ಬ ಬಂತೆಂದರೆ ಇನ್ನೂ ಕಷ್ಟ. ಸಭೆಯವರು ಕಾಣಿಕೆ ತಂದ ಎರಡು ರೂಪಾಯಿಯ ಕುಂಬಳಕಾಯಿ ಏಲಂನಲ್ಲಿ ಇಪ್ಪತ್ತೈದಕ್ಕೆ ಏರುವ ತನಕ ಅಪ್ಪ ಉರಿಬಿಸಿಲಲ್ಲಿ ನಿಂತೇ ಇರುತ್ತಿದ್ದರು. ಅಯ್ಯನವರು ಒಳಗೆ ಹೋದರೆ ಏಲಂ ತಣ್ಣಗಾಗುತ್ತದಂತೆ!

ಅಂಥದೇ ಒಂದು ಭಾನುವಾರ ಎರಡು ಆರಾಧನೆ, ಹಿರಿಯರ ಸಭೆ, ಮನೆಭೇಟಿ ಮುಗಿಸಿ ಬಂದ ಅಪ್ಪ ಮಣೆಯ ಮೇಲೆ ಕೂತರು. ಅಮ್ಮ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ ಬಡಿಸಿದ್ದರು. ಅಪ್ಪ ಮುಟ್ಟಲಿಲ್ಲ. "ನನಗೆ ಇನ್ನು ಯಾರ ಸ್ವರವೂ ಬೇಡ" ಅಂದರು. ಪಾದ್ರಿಗಳಿಗೆ ಆಯಾಸವೇ ಆಗುವುದಿಲ್ಲವೆಂದು ನಂಬಿದ್ದ ಹುಡುಗಿ ನಾನು. ಜ್ವರವಿರಬೇಕೆಂದು ಅವರ ಹಣೆ ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು.

ಮರುದಿನ ಸಭೆಯ ಹಿರಿಯರೊಬ್ಬರು ವಿಷಯ ಕೇಳಿ, "ಅಯ್ಯನವರ ಪ್ರಾರ್ಥನೆ ಕಡಿಮೆಯಾಗಿದೆ" ಅಂದರು. ಅಮ್ಮ ಅವರಿಗೆ ಎಲೀಯನ ಕಥೆ ನೆನಪಿಸಿದರು. ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಸಾವು ಬೇಡಿ ಮಲಗಿದ ಪ್ರವಾದಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಅಷ್ಟು ಹೇಳಿ ಅಮ್ಮ ಹಂಡೆಗೆ ಒಲೆ ಹಚ್ಚಿ, ಅಪ್ಪನ ನೆತ್ತಿಗೆ ತೆಂಗಿನೆಣ್ಣೆ ತಟ್ಟಿ, ಬೆಂಚನ್ನು ಒಳಗೆಳೆದು ಬಾಗಿಲು ಹಾಕಿಬಿಟ್ಟರು. ಅಪ್ಪ ಸಂಜೆಯ ತನಕ ನಿದ್ದೆ ಮಾಡಿದರು. ಅಮ್ಮನ ಆ ಧೈರ್ಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆಗ ಬಾಗಿಲು ಹಾಕಿದರೆ ಸಾಕಾಗುತ್ತಿತ್ತು. ದೂರದವರ ಕಷ್ಟ ಹದಿನೈದು ಪೈಸೆಯ ಪೋಸ್ಟ್‌ಕಾರ್ಡಿನಲ್ಲಿ ನಿಧಾನವಾಗಿ ಬರುತ್ತಿತ್ತು. ಈಗಿನ ಪಾಲಕರ ಜೇಬಿನಲ್ಲೇ ಆ ಬೆಂಚು ಇದೆ. ರಾತ್ರಿ ಹನ್ನೊಂದಕ್ಕೂ ವಾಟ್ಸಾಪಿನಲ್ಲಿ ಪ್ರಾರ್ಥನೆಯ ಕೋರಿಕೆ ಬರುತ್ತದೆ, ಉತ್ತರ ತಡವಾದರೆ ಮುನಿಸು. ಪ್ರಸಂಗವನ್ನು ಯೂಟ್ಯೂಬಿನ ಪ್ರಸಂಗಗಳ ಜೊತೆ ತೂಗಿ ನೋಡುವವರು ಬೇರೆ. ಕಾಲ ಬದಲಾಗಿದೆ, ಫೋನು ಹಿಂದಕ್ಕೆ ಹೋಗುವುದಿಲ್ಲ. ಆದರೆ ಒಂದು ಒಳ್ಳೆಯದೂ ಆಗಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಎಂಬುದು ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಬರುವ ಸ್ಥಿತಿ ಎಂದು ಹೇಳಿತು. ಅದನ್ನು ಭಕ್ತಿಯ ಕೊರತೆ ಎನ್ನುವುದು ಈಗ ಅಷ್ಟು ಸುಲಭವಲ್ಲ.

ನಮ್ಮ ಈಗಿನ ಅಯ್ಯನವರು ಸೋಮವಾರ ರಜೆ ಎಂದು ಆರಾಧನೆಯಲ್ಲೇ ತಿಳಿಸಿದರು. ಬೆಳಿಗ್ಗೆ ಶಟಲ್ ಆಡುತ್ತಾರೆ, ಹೆಂಡತಿ ಮಕ್ಕಳೊಂದಿಗೆ ಕೂತು ಉಣ್ಣುತ್ತಾರೆ. ಕೆಲವು ಹಿರಿಯರು ಗೊಣಗಿದರು. ನಾನು ಅಯ್ಯನವರ ಪಕ್ಷ.

ಸಾವು, ಆಸ್ಪತ್ರೆಯ ತುರ್ತು ಬಿಟ್ಟರೆ ನಿಮ್ಮ ಸಭೆಯ ಅಯ್ಯನವರಿಗೂ ಸೋಮವಾರ ಫೋನ್ ಮಾಡಬೇಡಿ. ಮಂಗಳವಾರ ಮಾತಾಡಿ.