ಮದ್ದು

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಆದರೆ ‘ಮದ್ದು ಇಕ್ಕಿದರು’ ಎಂದೊಡನೆ ಹಳ್ಳಿಯ ಹಿರಿಯರು ಬೆಚ್ಚುತ್ತಾರೆ. ಅಲ್ಲಿ ಅದು ವಿಷ. ಇಂಗ್ಲಿಷಿನ ‘ಪಾಯ್ಸನ್’, ‘ಪೋಷನ್’ ಎಂಬ ಪದಗಳೂ ಒಂದೇ ಲ್ಯಾಟಿನ್ ಬೇರಿನವು; ಆ ಬೇರಿನ ಅರ್ಥ ಬರಿಯ ‘ಕುಡಿಯುವುದು’. ಭಾಷೆಗಳು ಹೀಗೆ ಗೊಂದಲವನ್ನು ಉಳಿಸಿಕೊಂಡದ್ದು ಸುಮ್ಮನೆ ಅಲ್ಲವೆಂದು ನಮಗೆ ಮನವರಿಕೆಯಾದದ್ದು ಗುಜರಾತಿನಲ್ಲಿ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ಅಹಮದಾಬಾದ್, ವಡೋದರಾ, ಸೂರತ್‌ಗಳ ನಡುವೆ ವರ್ಗವಾಗುತ್ತ ಬದುಕುವ ನಮ್ಮಂಥ ಕನ್ನಡಿಗರ ಕಿವಿಗೆ ಇಲ್ಲಿ ಬೀಳುವ ಒಂದು ಪದ ‘ಲಠ್ಠಾಕಾಂಡ’. ರಾಮಾಯಣದ ಕಾಂಡಗಳನ್ನು ಕೇಳಿ ಬೆಳೆದವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ಕಳ್ಳಭಟ್ಟಿ ದುರಂತಕ್ಕೆ ಇಲ್ಲಿನವರ ಹೆಸರು ಅದು. 1960ರಲ್ಲಿ ರಾಜ್ಯ ಹುಟ್ಟಿದಂದಿನಿಂದ ಇಲ್ಲಿ ಪಾನನಿಷೇಧವಿದೆ. ಆದರೂ 1989ರಲ್ಲಿ ವಡೋದರಾದಲ್ಲಿ, 2009ರ ಜುಲೈನಲ್ಲಿ ಅಹಮದಾಬಾದಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಜುಲೈನಲ್ಲಿ ಬೋಟಾದ್ ಜಿಲ್ಲೆಯ ರೋಜಿದ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಹೋದರು. ಗುಜರಾತಿನತ್ತ ಬೆರಳು ತೋರುವ ಹಕ್ಕು ನಮಗಿಲ್ಲ. ಸಾರಾಯಿ ಅಂಗಡಿಗಳು ಕಾನೂನುಬದ್ಧವಾಗಿದ್ದ ಕಾಲದಲ್ಲೇ, 1981ರಲ್ಲಿ, ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು.

ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಮೆಥನಾಲ್. ಅಹಮದಾಬಾದಿನಿಂದ ಸೂರತ್‌ವರೆಗಿನ ಕಾರ್ಖಾನೆಗಳ ಸಾಲಿಗೆ ಅದು ಸಾಧಾರಣ ಕಚ್ಚಾವಸ್ತು. ವಾಸನೆ, ರುಚಿಗಳಲ್ಲಿ ಕುಡಿಯುವ ಎಥನಾಲಿನ ದಾಯಾದಿ. ವಿಚಿತ್ರವೆಂದರೆ ಮೆಥನಾಲ್ ತಾನಾಗಿ ಅಷ್ಟು ಕ್ರೂರಿಯಲ್ಲ. ಕೇಡು ಮಾಡುವುದು ನಮ್ಮದೇ ಯಕೃತ್ತು. ಅದರ ಕೋಶಗಳಲ್ಲಿರುವ ಅಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ, ಬಂದ ಮದ್ಯವನ್ನೆಲ್ಲ ಒಡೆಯುವ ನಿಷ್ಠೆಯ ಚಾಕರ. ಅದು ಮೆಥನಾಲನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ. ಮಲೆನಾಡಿನ ಚಗಳಿ ಚಟ್ನಿಗೆ ಹುಳಿ ಕೊಡುವ ಇರುವೆಯ ಆಮ್ಲವೇ ಇದು. ರಕ್ತದಲ್ಲಿ ಮಿತಿಮೀರಿ ಶೇಖರವಾದರೆ ಕೋಶದ ಉಸಿರಾಟ ನಡೆಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವಕ್ಕೇ ತಡೆಯೊಡ್ಡುತ್ತದೆ. ಆಮ್ಲಜನಕ ಇದ್ದೂ ಕೋಶ ಅದನ್ನು ಬಳಸಲಾರದು. ಕಣ್ಣಿನ ನರ ಮೊದಲು ಸೋಲುವ ಅಂಗಗಳಲ್ಲೊಂದು. ಬದುಕಿ ಉಳಿದವರಲ್ಲಿ ಕೆಲವರು ಕುರುಡರಾಗುವುದು ಇದರಿಂದ.

ಒಂದು ಕಿಣ್ವಕ್ಕೆ ಬಿದ್ದ ತಡೆ ಕೊಲ್ಲುತ್ತದೆ. ಇನ್ನೊಂದು ಕಿಣ್ವಕ್ಕೆ ವೈದ್ಯರು ಒಡ್ಡುವ ತಡೆ ಉಳಿಸುತ್ತದೆ. ಫೊಮೆಪಿಜೋಲ್ ಎಂಬ ಔಷಧ ಆ ಮೊದಲ ಕಿಣ್ವದ ಬಾಗಿಲಿಗೆ ಅಗುಳಿ ಹಾಕುತ್ತದೆ. ಮೆಥನಾಲ್ ಒಡೆಯದೆ ಉಳಿದು, ಉಸಿರು ಮೂತ್ರಗಳಲ್ಲಿ ಮೆಲ್ಲಗೆ, ಡಯಾಲಿಸಿಸ್ ಮಾಡಿದರೆ ಬೇಗ, ಹೊರಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದರೂ ಅದು ದುಬಾರಿ. ಅದಿಲ್ಲದಲ್ಲಿ ವೈದ್ಯರು ಬಳಸುವ ಹಳೆಯ ಮದ್ದು ಎಥನಾಲ್. ಆ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲಿನ ಮೇಲೆ ಹತ್ತು ಪಟ್ಟಿಗೂ ಮಿಗಿಲಾದ ಒಲವು. ರಕ್ತವನ್ನು ಪರೀಕ್ಷಿಸುತ್ತ, ಅಳೆದು ಕೊಟ್ಟಾಗ ಮಾತ್ರ ಅದು ಮದ್ದು. ಮನೆಯಲ್ಲಿ ಯಾರೋ ಸುರಿದು ಕೊಟ್ಟರೆ ಅಲ್ಲ.

ಇಷ್ಟೆಲ್ಲ ತಿಳಿದಿದ್ದೂ ಜನ ಏಕೆ ಸಾಯುತ್ತಾರೆ? ಕುಡಿದ ಬಳಿಕ ಹನ್ನೆರಡು ಗಂಟೆ, ಕೆಲವೊಮ್ಮೆ ಒಂದಿಡೀ ದಿನ, ಹೇಳಿಕೊಳ್ಳುವಂಥ ಲಕ್ಷಣವೇ ಕಾಣದಿರಬಹುದು. ಪ್ರತಿಬಂಧಕ ಹೆಚ್ಚು ಕೆಲಸ ಮಾಡುವುದು ಆ ಮೌನದ ಅವಧಿಯಲ್ಲೇ. ಆಮ್ಲ ಹುಟ್ಟಿ ಕಣ್ಣು ಮಂಜಾದ ಮೇಲೆ ಕದ ಮುಚ್ಚಿದರೆ ಒಳಗೆ ಬಂದವನು ಹೊರಗೆ ಹೋಗುವುದಿಲ್ಲ. ಕುಡಿಯುವುದೇ ಅಪರಾಧವಾದ ನಾಡಿನಲ್ಲಿ ‘ನಾನು ಕುಡಿದೆ’ ಎಂದು ವೈದ್ಯರ ಮುಂದೆ ಹೇಳುವುದು ಕೂಲಿಯವನಿಗೆ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ಕುಡಿತ ಲಜ್ಜೆಯಾದ ನಮ್ಮ ಕರ್ನಾಟಕದ ಮನೆಗಳಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ. ಹೊಟ್ಟೆನೋವು ಎನ್ನುತ್ತಾರೆ, ಪಿತ್ತ ಎನ್ನುತ್ತಾರೆ, ಮಲಗುತ್ತಾರೆ.

ವಿಷಮದ್ಯ ಮಾರಿ ಜನರ ಸಾವಿಗೆ ಕಾರಣರಾದವರಿಗೆ ಮರಣದಂಡನೆಯವರೆಗೆ ಶಿಕ್ಷೆ ವಿಧಿಸಲು 2009ರ ದುರಂತದ ಬಳಿಕ ಗುಜರಾತ್ ತನ್ನ ಕಾನೂನನ್ನು ತಿದ್ದಿತು. ಮಾರಿದವನಿಗೆ ಅಂಜಿಕೆ ಇರಲಿ. ಕುಡಿದವನಿಗೆ ಮಾತ್ರ ಆ ಒಂದು ರಾತ್ರಿಯಾದರೂ ಅಂಜಿಕೆ ಇರಬಾರದು. ನಿಜ ಹೇಳಿದರೆ ಮೊದಲು ವೈದ್ಯ ಬರುತ್ತಾನೆ, ಪೊಲೀಸನಲ್ಲ ಎಂಬ ನಂಬಿಕೆ ಬೇಕು. ಆ ನಂಬಿಕೆಯನ್ನು ಯಾವ ಕಾರ್ಖಾನೆಯೂ ತಯಾರಿಸದು. ಅದಿಲ್ಲದೆ ಆಸ್ಪತ್ರೆಯ ಕಪಾಟಿನಲ್ಲಿರುವ ಮದ್ದು ರೋಗಿಯ ತನಕ ತಲುಪುವುದಿಲ್ಲ.