ಮುಗೀತು ಅಂದ್ರ ಏನು?

ಅಳ್ನಾವರದಿಂದ ಕಾಡು ಸೀಳಿಕೊಂಡು ಬರುವ ರೈಲು ಹಳಿ ನಮ್ಮ ಅಂಬೇವಾಡಿಗೆ ಬಂದು ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಇಂಥ ಊರಿನವನಿಗೆ 'ಮುಗೀತು' ಎಂಬ ಮಾತನ್ನು ಯಾರೂ ಕಲಿಸಬೇಕಿಲ್ಲ ಅಂದುಕೊಂಡಿದ್ದೆ. ಆದರೆ ವರ್ಷಗಟ್ಟಲೆ ನಿಂತೇ ಹೋಗಿದ್ದ ಆ ಹಳಿಯ ಪ್ಯಾಸೆಂಜರ್ ಗಾಡಿ 2019ರ ನವೆಂಬರಿನಲ್ಲಿ ಮತ್ತೆ ಸಿಳ್ಳೆ ಹಾಕಿತು. ಮುಗಿದದ್ದೂ ಮುಗಿದಿರುವುದಿಲ್ಲ ಎಂಬ ಅನುಮಾನ ಅಂದೇ ಶುರುವಾಯಿತು.

ಅದನ್ನು ಬಲಪಡಿಸಿದ್ದು ಸ್ಕ್ರಮ್, ಅಂದರೆ ತಂಡದ ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮುಗಿಸುವ ಪದ್ಧತಿ. ನೌಕರಿಗಾಗಿ ಕಲಿಯಹೊರಟದ್ದು ಈಗ ಚಟವಾಗಿದೆ. ಹೆಸರು ರಗ್ಬಿ ಆಟದ್ದು. ಹೊಸ ಸರಕು ರೂಪಿಸುವ ತಂಡಗಳು ಚೆಂಡು ದಾಟಿಸುತ್ತ ಒಟ್ಟಾಗಿ ನುಗ್ಗಬೇಕು ಎಂದು ಟಕೆಯುಚಿ, ನೊನಾಕಾ ಎಂಬ ಜಪಾನಿ ವಿದ್ವಾಂಸರು 1986ರಲ್ಲಿ ಬರೆದರು. ಜೆಫ್ ಸದರ್ಲೆಂಡ್, ಕೆನ್ ಶ್ವೇಬರ್ ಆ ಮಾತನ್ನು ಸಾಫ್ಟ್‌ವೇರಿಗೆ ಒಗ್ಗಿಸಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಹಿಮಬೆಟ್ಟದಲ್ಲಿ ಕಲೆತ, ಇಂಥ ಪದ್ಧತಿಗಳ 17 ಮಂದಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ದಪ್ಪ ಯೋಜನೆಗೆ ಜೋತು ಬೀಳುವುದಕ್ಕಿಂತ ಬದಲಾವಣೆಗೆ ಬಾಗುವುದು ಮೇಲು ಎಂಬುದು ಅದರ ಒಂದು ಸಾರ.

ಕಲಿತದ್ದನ್ನು ಪರೀಕ್ಷಿಸಲು ಮನೆಗಿಂತ ಅಗ್ಗದ ಪ್ರಯೋಗಶಾಲೆ ಯಾವುದು? ಮೇ ತಿಂಗಳು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು, ಕಟ್ಟಿಗೆ ಒಳಗೆ ಒಟ್ಟಬೇಕು, ಚರಂಡಿ ಬಿಡಿಸಬೇಕು, ಗೇಟಿಗೆ ಬಣ್ಣ ಬಳಿಯಬೇಕು. ಒಂದೊಂದಕ್ಕೂ ಒಂದೊಂದು ಚೀಟಿ ಬರೆದು, ಪಡಸಾಲೆಯ ಗೋಡೆಗೆ ಮೂರು ಸಾಲು ಮಾಡಿ ಅಂಟಿಸಿದೆ: ಮಾಡಬೇಕು, ನಡೆದೈತಿ, ಮುಗೀತು. ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಒಂದು ತಿಂಗಳು ಮೀರುವಂತಿಲ್ಲ. ನಾನು ಎರಡು ವಾರ ಇಟ್ಟೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಪ್ರಾಡಕ್ಟ್ ಓನರ್ ಪದವಿ ಅವ್ವನಿಗೆ. ನೇಮಕಾತಿಗೆ ಮೊದಲೇ ಆಕೆ ಅಧಿಕಾರ ವಹಿಸಿಕೊಂಡಿದ್ದಳು.

ಬಂದವಳೇ ಗೇಟಿನ ಬಣ್ಣದ ಚೀಟಿ ಕಿತ್ತು ಒಲೆಗೆ ಹಾಕಿದಳು. "ಮಳ್ಯಾಗ ಗೇಟು ನೋಡಾಕ ಯಾರ್ ಬರ್ತಾರ?" ಬೇಡದ ಕೆಲಸವನ್ನು ಮಾಡದೆ ಬಿಡುವುದೂ ಒಂದು ಕಲೆ ಎಂದು ಪ್ರಣಾಳಿಕೆಯ 12 ತತ್ವಗಳಲ್ಲಿ ಒಂದು ಸಾರುತ್ತದೆ. ನನಗದು ಓದಿದ ಮೇಲೆ ತಿಳಿದದ್ದು.

ದಿನಾ ಬೆಳಿಗ್ಗೆ 15 ನಿಮಿಷದ ಸಭೆ. ಚಹಾ ಆರುವುದರೊಳಗೆ ಮುಗಿಯಬೇಕು. ನಿನ್ನೆ ಏನಾಯಿತು, ಇವತ್ತೇನು, ಅಡ್ಡಿ ಯಾವುದು? ಅಡ್ಡಿ ದಿನಾ ಒಂದೇ: ಹೆಂಚಿನವನು ಫೋನು ಎತ್ತುತ್ತಿಲ್ಲ. ಹನ್ನೊಂದನೆಯ ದಿನ ಅವನೇ ಬಂದ, ಏರಿದ, ಇಳಿದ, ರೊಕ್ಕ ಎಣಿಸಿಕೊಂಡ. ನಾನು ಹೆಂಚಿನ ಚೀಟಿಯನ್ನು ಮೂರನೇ ಸಾಲಿಗೆ ದಾಟಿಸಿದೆ. ಆ ಒಂದು ಗೇಣು ದಾಟಿಸುವ ಸುಖಕ್ಕಾಗಿಯೇ ಸ್ಕ್ರಮ್ ಹುಟ್ಟಿದೆಯೇನೋ ಎಂದು ಎಷ್ಟೋ ಸಲ ಅನಿಸಿದೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಕೆಲಸ, ಅದಕ್ಕೊಂದು ಕೊನೆ!

ಅವ್ವ ಚೀಟಿ ನೋಡಿದಳು. "ಮುಗೀತು ಅಂದ್ರ ಏನು?"

"ಹೆಂಚು ಹೊದಿಸ್ಯಾಗೇತಲ್ಲ."

"ಮಳಿ ಬಂದು, ಒಳಗ ಬೋಗಾಣಿ ಇಡದಿದ್ರ ಮುಗೀತು."

ಇದೇ 'ಡೆಫಿನಿಷನ್ ಆಫ್ ಡನ್'. ಅದನ್ನು ಮೊದಲೇ ತಂಡ ಗೊತ್ತುಮಾಡಿಕೊಳ್ಳಬೇಕು ಎಂದು ಎರಡು ಸಲ ಓದಿ, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಜೂನಿನ ಒಂದು ರಾತ್ರಿ ಮಳೆ ಹಿಡಿಯಿತು. ಅಡುಗೆಮನೆಯ ಮೂಲೆಯಲ್ಲಿ ಟಪ್, ಟಪ್. ಎದ್ದು ಬಂದೆ. ಬೋಗಾಣಿ ಆಗಲೇ ಕೂತಿತ್ತು. ಪಡಸಾಲೆಯಲ್ಲಿ ಅವ್ವ ಟಾರ್ಚು ಹಿಡಿದು, ಹೆಂಚಿನ ಚೀಟಿಯನ್ನು ನಡುಸಾಲಿಗೆ ಅಂಟಿಸುತ್ತಿದ್ದಳು.